ಪುಕ್ಕಟೆ ಮಾಲಿಗೆ ಮೂರು ಕೊಟೇಶನ್

ಯಾರಾದರೂ ನನ್ನನ್ನು “ನೀವು ಐಟಿಯವರಾ?” ಎಂದು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಓದಿದ್ದು ಬಿ.ಕಾಂ. ಉಡುಪಿಯ ಹತ್ತಿರದ ಊರಿನಿಂದ ದೋಹಾಕ್ಕೆ ಬಂದದ್ದು ಮದುವೆಯಾಗಿ, ರಾಸ್ ಲಫಾನ್‌ನಲ್ಲಿ ಗ್ಯಾಸ್ ಪ್ಲಾಂಟಿನ ಶಿಫ್ಟ್ ಮಾಡುವ ಗಂಡನ ಹಿಂದೆ. ಕೆಲಸಕ್ಕೆ ಸೇರಿದ್ದು ಏಸಿ ಮತ್ತು ಫ್ರಿಜ್ಜಿನ ಬಿಡಿಭಾಗ ಮಾರುವ ಒಂದು ಕಂಪನಿಯಲ್ಲಿ, ಕಾಗದಪತ್ರ ಜೋಡಿಸಿಡುವ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ. ಸೇರಿದ ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಆಫೀಸಿನ ಇಂಟರ್ನೆಟ್ ನಿಂತುಹೋಯಿತು. ಗಂಡಸರೆಲ್ಲ ಆ ಮಿಣುಕುವ ಪೆಟ್ಟಿಗೆಯ ಸುತ್ತ ನಿಂತು ಅದರ ಆರೋಗ್ಯ ವಿಚಾರಿಸುತ್ತಿದ್ದರು. ನಾನು ಹೋಗಿ ಪ್ಲಗ್ ಕಿತ್ತು, ಹತ್ತರವರೆಗೆ ಎಣಿಸಿ, ಮತ್ತೆ ಸಿಕ್ಕಿಸಿದೆ. ಇಂಟರ್ನೆಟ್ ಬಂತು. ಮಧ್ಯಾಹ್ನದ ಊಟದೊಳಗೆ ನಾನು ಕಂಪನಿಯ ಐಟಿ ಆಗಿಬಿಟ್ಟಿದ್ದೆ. ಸಂಬಳ ಮಾತ್ರ ಡಾಕ್ಯುಮೆಂಟ್ ಕಂಟ್ರೋಲರ್‌ದೇ ಉಳಿಯಿತು.

ಆಮೇಲಿನ ಹನ್ನೊಂದು ವರ್ಷಗಳಲ್ಲಿ ಪ್ಲಗ್ಗಿನಿಂದ ಮುಂದೆಯೂ ಒಂದಷ್ಟು ಕಲಿತೆ. ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಾ, ಮೊಬೈಲನ್ನು ಮಸಾಲೆ ಡಬ್ಬಿಗೆ ಒರಗಿಸಿಟ್ಟು, ಲಿನಕ್ಸ್ ಪಾಠ ಕೇಳಿದವಳು ನಾನು. ನಮ್ಮ ಸರ್ವರ್ ಓಡುತ್ತಿದ್ದದ್ದು ಲಿನಕ್ಸಿನ ಮೇಲೆ. ಕಂಪ್ಯೂಟರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಆಪರೇಟಿಂಗ್ ಸಿಸ್ಟಮ್ ಅದು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಬಿಚ್ಚಿ ಒಳಗೇನಿದೆ ನೋಡಬಹುದು, ನೆರೆಯವರಿಗೂ ಕೊಡಬಹುದು. ಅದರಲ್ಲಿ ಒಂದೆರಡಲ್ಲ, ನೂರಾರು ಬಗೆ. ಹೆಸರು ಹೇಳಿದರೆ ಒಂದೊಂದರ ಭಕ್ತರೂ ಜಗಳಕ್ಕೆ ಬರುತ್ತಾರೆ, ಆದ್ದರಿಂದ ನಾನು ಹೇಳುವುದಿಲ್ಲ. ನಮ್ಮಲ್ಲಿದ್ದದ್ದನ್ನು ಹಾಕಿಕೊಟ್ಟವನು ಪುತ್ತೂರಿನ ಕಡೆಯ ಒಬ್ಬ ಹುಡುಗ. ಅದರ ಮೇಲೆ ಗೋದಾಮಿನ ಸ್ಟಾಕ್ ಲೆಕ್ಕಕ್ಕೆಂದು ಒಂದು ಪ್ರೋಗ್ರಾಂ ಬರೆದು, ಅದನ್ನು ಬರೆದದ್ದು ಹೇಗೆ ಎಂಬುದರ ತುಂಡು ಚೀಟಿಯನ್ನೂ ಬಿಡದೆ ಕೆನಡಾಕ್ಕೆ ಹಾರಿದ್ದ. ಸರ್ವರ್ ಇದ್ದದ್ದು ಪ್ಯಾಂಟ್ರಿಯಲ್ಲಿ, ಯಾಕೆಂದರೆ ಇಡೀ ಆಫೀಸಿನಲ್ಲಿ ಒಳ್ಳೆಯ ಏಸಿ ಇದ್ದದ್ದು ಅಲ್ಲಿಯೇ. ಏಸಿ ಮಾರುವ ಕಂಪನಿಯಲ್ಲಿ ಹೀಗೇಕೆ ಎಂದು ಕೇಳಬೇಡಿ, ನಾನೂ ಕೇಳಿ ಸುಸ್ತಾಗಿದ್ದೇನೆ.

ಆ ಸ್ಟಾಕ್ ಪ್ರೋಗ್ರಾಮನ್ನು ನಿಜವಾಗಿ ಬಳಸುತ್ತಿದ್ದವರು ಒಬ್ಬರೇ, ಗೋದಾಮಿನ ಸ್ಟೋರ್‌ಕೀಪರ್. ಉಳ್ಳಾಲದ ಕಡೆಯ ಬ್ಯಾರಿ, ಅರವತ್ತೆರಡು ವರ್ಷ, ಬಿಳಿ ಗಡ್ಡ, ಜೇಬಿನಲ್ಲಿ ಯಾವಾಗಲೂ ಮೂರು ಪೆನ್ನು. ಎಲ್ಲರಿಗೂ ಅವರು ಕಾಕ. ಸನಯ್ಯದ, ಅಂದರೆ ಇಂಡಸ್ಟ್ರಿಯಲ್ ಏರಿಯಾದ, ಗೋದಾಮಿನಲ್ಲಿ ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರಗಳ ಮುಂದೆ ಅವರು ಇಪ್ಪತ್ತು ವರ್ಷ ಕೂತಿದ್ದರು. ಕೀಬೋರ್ಡನ್ನು ನೋಡುತ್ತಿರಲಿಲ್ಲ. ಎಫ್ ಎರಡು ಒತ್ತಿದರೆ ಮಾಲು ಒಳಗೆ, ಎಫ್ ಮೂರು ಒತ್ತಿದರೆ ಮಾಲು ಹೊರಗೆ, ಎಫ್ ಒಂಬತ್ತು ಒತ್ತಿದರೆ ಲೆಕ್ಕ ಗಟ್ಟಿ. ಎಫ್ ಒಂಬತ್ತರ ಮೇಲಿನ ಅಕ್ಷರ ಸವೆದು ಹೋಗಿ ಗುಂಡಿ ಬೋಳಾಗಿತ್ತು. ನಾನು ಹೊಸದಾಗಿ ಸೇರಿದ ಬೇಸಿಗೆಯಲ್ಲಿ ಸ್ಟಾಕ್ ಎಣಿಸಲು ಗೋದಾಮಿಗೆ ಕಳಿಸಿದಾಗ ತಲೆ ತಿರುಗಿ ಪೈಪಿನ ರಾಶಿಯ ಮೇಲೆ ಕೂತುಬಿಟ್ಟಿದ್ದೆ. ಕಾಕ ಲಬಾನ್ ಮಜ್ಜಿಗೆಯ ಬಾಟಲಿ ಕೈಗಿಟ್ಟು, ಉಳಿದ ನಾಲ್ಕು ಸಾಲು ಕಪಾಟುಗಳನ್ನು ತಾವೇ ಎಣಿಸಿ, ಎಣಿಸಿದವರ ಜಾಗದಲ್ಲಿ ನನ್ನ ಹೆಸರು ಬರೆದಿದ್ದರು. ಅವರ ಮೇಲೆ ನನಗಿದ್ದದ್ದು ಬರೀ ಗೌರವ ಅಲ್ಲ, ಪ್ರೀತಿಯೇ.

ತೊಂದರೆ ಬಂದದ್ದು ಒಂದು ಫಾರ್ಮಿನ ರೂಪದಲ್ಲಿ. ರಾಸ್ ಲಫಾನ್‌ನಲ್ಲಿ ಕೆಲಸ ಮಾಡುವ ಒಬ್ಬ ದೊಡ್ಡ ಗಿರಾಕಿ ತನಗೆ ಮಾಲು ಕೊಡುವವರೆಲ್ಲರಿಗೂ ಅದನ್ನು ಕಳಿಸಿದ್ದ. ಹನ್ನೆರಡು ಪುಟ. ಒಂಬತ್ತನೆಯ ಪುಟದಲ್ಲಿ, ನಿಮ್ಮ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಯಾವುದು, ಅದನ್ನು ಮಾಡಿದವರು ಈಗಲೂ ರಿಪೇರಿ ಕಳಿಸುತ್ತಾರೆಯೇ ಎಂಬ ಪ್ರಶ್ನೆ. ನಮ್ಮದಕ್ಕೆ ರಿಪೇರಿ ನಿಂತು ಎಷ್ಟೋ ವರ್ಷವಾಗಿತ್ತು. ಹಾಗೆಂದು ನಾನು ಧಣಿಗೆ ಹಿಂದೆಯೇ ನಾಲ್ಕು ಸಲ ಪತ್ರ ಬರೆದಿದ್ದೆ. ನಾಲ್ಕನ್ನೂ ಅವರು ಓದಿ, ಸಹಿ ಮಾಡಿ, ಫೈಲ್ ಮಾಡಲು ನನಗೇ ಕೊಟ್ಟಿದ್ದರು.

ಧಣಿ ಅಂದರೆ ಹಾಜಿಯವರು, ಕಾಕನ ಊರಿನವರೇ. ಸೂಟ್‌ಕೇಸಿನಲ್ಲಿ ಫ್ರಿಜ್ಜಿನ ಥರ್ಮೋಸ್ಟಾಟ್ ಇಟ್ಟುಕೊಂಡು ಅಂಗಡಿ ಅಂಗಡಿ ತಿರುಗಿ ಮೇಲೆ ಬಂದವರು. ಈಗ ಮುಶೈರಿಬ್‌ನ ಹೊಸ ಕಟ್ಟಡಗಳ ಬೆನ್ನಿಗೆ ಉಳಿದುಕೊಂಡಿರುವ ಒಂದು ಹಳೆಯ ಮಹಡಿಯಲ್ಲಿ ಆಫೀಸು. ಮನುಷ್ಯ ಒಳ್ಳೆಯವರು. ಆದರೆ ಫಾರ್ಮ್ ನೋಡಿದ ವಾರವೇ ಟೈ ಕಟ್ಟಿದ ಒಬ್ಬ ಸೇಲ್ಸ್‌ಮನ್ ಬಂದು ಅವರ ಮುಂದೆ ಲ್ಯಾಪ್‌ಟಾಪ್ ತೆರೆದ. ಸರ್ವರ್, ಸ್ಟಾಕ್ ಪ್ರೋಗ್ರಾಂ, ಬಾರ್‌ಕೋಡ್, ಎಲ್ಲವೂ ಒಂದೇ ಪ್ಯಾಕೇಜು. ಮಾಲನ್ನು ಮೆಷಿನ್ನೇ ಎಣಿಸುತ್ತದೆ, ಗೋದಾಮಿನಲ್ಲಿ ಕೂತು ಟೈಪ್ ಮಾಡಲು ಜನ ಬೇಡ ಎಂದ. ಹಾಜಿಯವರಿಗೆ ಇದು ಕಾಕನಿಗೆ ಮಾಡುವ ಉಪಕಾರದಂತೆ ಕಂಡಿತು. ಪಾಪ, ಕಣ್ಣಿನ ಆಪರೇಶನ್ ಆಗಿದೆ, ಎಷ್ಟು ದಿನ ದುಡಿಯುವುದು, ಊರಿಗೆ ಹೋಗಿ ಆರಾಮ ಮಾಡಲಿ ಎಂದರು.

ನಾನು ಸುದ್ದಿ ಹೇಳಲು ಸನಯ್ಯಕ್ಕೆ ಹೋದೆ. ಕಾಕ ಸುಲೈಮಾನಿ ಚಹಾ ಕೊಟ್ಟು, ಪೂರ್ತಿ ಕೇಳಿ, ಒಂದು ಕಂಪ್ರೆಸರಿನ ಮೇಲಿನ ಧೂಳು ಒರೆಸಿದರು.

“ಆರಾಮ ಮಾಡ್ಲಿಕ್ಕೆ ನಂಗೆ ಗೊತ್ತಿಲ್ಲ ಬಾಯಮ್ಮ. ಇಲ್ಲಿ ದಿನಾ ನಲ್ವತ್ತು ಜನ ಕೇಳ್ತಾರೆ, ಕಾಕ ಅದುಂಟಾ, ಕಾಕ ಇದುಂಟಾ ಅಂತ. ಊರಲ್ಲಿ ಎಲ್ರೂ ಕೇಳುದು ಒಂದೇ, ವಾಪಸ್ ಯಾವಾಗ ಹೋಗುದು ಅಂತ. ಹೋಗ್ಲಿಕ್ಕಿಲ್ಲ ಅಂತ ಹೇಳಿದ್ರೆ ಮತ್ತೆ ಎಂತ ಕೇಳ್ತಾರೆ?”

ಬರುವಾಗ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ: ಪುಕ್ಕಟೆ ಸಿಗುವ ಲಿನಕ್ಸುಗಳಲ್ಲೇ ಹೊಸದೊಂದನ್ನು ಆರಿಸಬೇಕು, ಕಾಕನ ಕಪ್ಪು ಪರದೆ ಅದರ ಮೇಲೆ ಓಡಬೇಕು, ಟೈ ಕಟ್ಟಿದವನು ಮನೆಗೆ ಹೋಗಬೇಕು. ಹಾಜಿಯವರು ಬೇಡವೆನ್ನಲಿಲ್ಲ. ಕಂಪನಿಯ ಪದ್ಧತಿಯಂತೆ ಮಾಡು ಎಂದರಷ್ಟೇ. ಪದ್ಧತಿ ಅಂದರೆ ಮೂರು ಕೊಟೇಶನ್. ನಮ್ಮಲ್ಲಿ ಕಸಬರಿಕೆ ತರಬೇಕಾದರೂ ಮೂರು ಅಂಗಡಿಯಿಂದ, ಸ್ಟ್ಯಾಂಪ್ ಒತ್ತಿದ ಮೂರು ಕೊಟೇಶನ್ ಬೇಕು.

ಅಷ್ಟೇ ತಾನೆ ಎಂದುಕೊಂಡೆ. ಒಳ್ಳೆಯ ಹೆಸರಿರುವ ಮೂರು ಬಗೆಯನ್ನು ಆರಿಸಿ, ಮೂರು ಹಾಳೆ ಟೈಪ್ ಮಾಡಿ ಅಕೌಂಟೆಂಟಿಗೆ ಕೊಟ್ಟೆ. ಅವರು ಕಾಸರಗೋಡಿನವರು, ಮೆದು ಮಾತಿನವರು, ಪೆನ್ಸಿಲಿನಲ್ಲಿ ಸುತ್ತು ಹಾಕುವುದರಲ್ಲಿ ನಿಸ್ಸೀಮರು. ಸಂಜೆಯೊಳಗೆ ಹಾಳೆಗಳು ಸುತ್ತುಗಳಿಂದ ತುಂಬಿ ವಾಪಸ್ ಬಂದವು. ಬೆಲೆ ಸೊನ್ನೆ ಎಂದಿದೆಯಲ್ಲ, ಇದು ಅವರ ಕೊನೆಯ ಬೆಲೆಯೇ? ಮಾಲು ತಲುಪಿಸುವ ಅವಧಿ ಹತ್ತು ನಿಮಿಷ ಎಂದು ಬರೆದರೆ ಯಾರೂ ನಂಬುವುದಿಲ್ಲ, ಎರಡರಿಂದ ಮೂರು ವಾರ ಎಂದು ಹಾಕಿ. ತಯಾರಾದ ದೇಶದ ಜಾಗದಲ್ಲಿ ‘ಎಲ್ಲ ಕಡೆ’ ಎಂದರೆ ಏನರ್ಥ? ಮಾಲೀಕರ ಐಡಿಯ ಪ್ರತಿ ಎಲ್ಲಿ? ಮುಖ್ಯವಾಗಿ, ಸ್ಟ್ಯಾಂಪ್ ಎಲ್ಲಿ?

ಇದಕ್ಕೆ ಮಾಲೀಕರು ಇಲ್ಲ ಸರ್, ಲೋಕದ ಬೇರೆ ಬೇರೆ ಮೂಲೆಯವರು ಸೇರಿ ಮಾಡುತ್ತಾರೆ ಎಂದೆ. ಅವರು ತುಂಬಾ ಸಹಾನುಭೂತಿಯಿಂದ, ಹಾಗಾದರೆ ಅವರಲ್ಲಿ ಯಾರಾದರೂ ಒಬ್ಬರ ಐಡಿ ಸಾಕು ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಸೀದಾ ಹಾಜಿಯವರ ಕೋಣೆಗೆ ಹೋದೆ. ಅಲ್ಲಿ ನಾನು ಮಾಡಿದ್ದು ಶುದ್ಧ ಮೂರ್ಖತನ. ವಾರಂಟಿ ಎಷ್ಟು ವರ್ಷ ಎಂದು ಅವರು ಕೇಳಿದರು. ಬಾಯಿ ಮುಚ್ಚಿಕೊಂಡಿರುವುದು ಬಿಟ್ಟು, ಲೈಸೆನ್ಸಿನ ಪತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಓದಿ ಹೇಳಿದೆ: ಈ ವಸ್ತುವಿಗೆ ಯಾವ ಬಗೆಯ ವಾರಂಟಿಯೂ ಇಲ್ಲ, ಇದು ಯಾವ ಕೆಲಸಕ್ಕಾದರೂ ಬರುತ್ತದೆಂಬ ಭರವಸೆಯೂ ಇಲ್ಲ, ಹಾಳಾದರೆ ಖರ್ಚು ನಿಮ್ಮದೇ. ಹಾಜಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಮಾರುವವನು ಕೂಡ ಹದಿನೈದು ದಿನ ಅಂತ ಬಾಯಿಮಾತಿಗಾದರೂ ಹೇಳುತ್ತಾನೆ ಎಂದರು. ಎಲ್ಲರೂ ಪತ್ರದಲ್ಲಿ ಹಾಗೇ ಬರೆಯುವುದು, ಇವರು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ ಅಷ್ಟೇ ಎಂದು ನಾನು ಸಮಜಾಯಿಷಿ ಕೊಟ್ಟೆ. ಅದು ನಾಟಲಿಲ್ಲ. ಅವರ ಚಿಂತೆಯೇ ಬೇರೆ ಇತ್ತು.

“ಅದೆಲ್ಲ ಇರ್ಲಿ. ಹಾಳಾದ್ರೆ ನಾನು ಬೈಯುದು ಯಾರಿಗೆ? ಟೈ ಕಟ್ಟಿದವ ಆದ್ರೆ ಫೋನ್ ಮಾಡಿ ಬೈಬಹುದು. ಇದಕ್ಕೆ ಜನ ಮಾಫಿ, ಯಾರೂ ಇಲ್ಲ ಅಂತ ನೀನೇ ಹೇಳ್ತಿ.”

“ನನಗೆ ಬೈಯಿರಿ ಹಾಜಿಯವರೇ,” ಎಂದೆ. ಅದು ಬಾಯಿಗೆ ಬಂದದ್ದು ಯೋಚಿಸಿ ಅಲ್ಲ. ಬೈಯುವುದರಲ್ಲಿ ಹಾಜಿಯವರು ಸಾಮಾನ್ಯರಲ್ಲ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಸರಿ, ಮೂರರ ಸ್ಯಾಂಪಲ್ ತರಿಸು, ಟ್ರಯಲ್ ಮಾಡು, ತಿಂಗಳ ಕೊನೆಯಲ್ಲಿ ಕೂತು ನೋಡುವ ಎಂದರು. ಕಾಕನ ಪ್ರೋಗ್ರಾಂ ಓಡಿದರೆ ಕಾಕ ಇರಲಿ, ಓಡದಿದ್ದರೆ ಖಲಾಸ್, ಟಿಕೆಟ್ ಮಾಡುವ ಎಂದೂ ಸೇರಿಸಿದರು.

ಗಂಡ ನಾಲ್ಕು ದಿನದ ಶಿಫ್ಟ್ ಮುಗಿಸಿ ಬಂದವರು ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕರು. ಅವರ ಪ್ಲಾಂಟಿನಲ್ಲಿ ಒಂದು ವಾಲ್ವ್ ತಿರುಗಿಸಲು ಏಳು ಸಹಿ ಬೇಕಂತೆ. ನಾನು ಅವರ ತಟ್ಟೆಗೆ ಬಂಗುಡೆಯ ತಲೆಯ ತುಂಡನ್ನೇ ಹಾಕಿದೆ.

ಸ್ಯಾಂಪಲ್ಲಿಗೂ ಒಂದು ಪದ್ಧತಿ ಇತ್ತು, ಅದರ ಕಾವಲುಗಾರರು ಸ್ವತಃ ಕಾಕ. ಗೋದಾಮಿನ ಪುಸ್ತಕದಲ್ಲಿ ಬರೆದುಕೊಳ್ಳದೆ ಯಾವ ಮಾಲೂ ಕಂಪನಿಯ ಒಳಗೆ ಬರುವಂತಿಲ್ಲ. ಕಾಕ, ಇದು ಇಂಟರ್ನೆಟ್ಟಿನಿಂದ ಇಳಿಯುವುದು, ಕೈಗೆ ಸಿಗುವ ವಸ್ತುವಲ್ಲ ಎಂದೆ. ಅವರ ಕೆಲಸ ಉಳಿಸಲು ನಾನು ಒದ್ದಾಡುತ್ತಿದ್ದರೆ ಅವರು ನಿಯಮ ಹಿಡಿದು ಕೂತರು. ಕೈಗೆ ಸಿಗದ್ದನ್ನು ಎಣಿಸುವುದು ಹೇಗೆ, ಎಣಿಸದೆ ಬರೆಯುವುದು ಹೇಗೆ ಎಂದರು. ಮತ್ತೆ ತಾವೇ ಗಡ್ಡ ನೀವಿ, ದಾರಿ ಹುಡುಕಿದರು. ಏಸಿಗೆ ತುಂಬುವ ಗ್ಯಾಸೂ ಕಣ್ಣಿಗೆ ಕಾಣುವುದಿಲ್ಲ, ಆದರೆ ಸಿಲಿಂಡರ್ ಕಾಣುತ್ತದೆ, ನಾವು ಸಿಲಿಂಡರ್ ಎಣಿಸುತ್ತೇವೆ. ಇದಕ್ಕೂ ಒಂದು ಸಿಲಿಂಡರ್ ತನ್ನಿ ಎಂದರು.

ನಾನು ಮೂರು ಪೆನ್‌ಡ್ರೈವ್ ತಂದೆ. ಕಾಕ ಪ್ರತಿಯೊಂದಕ್ಕೂ ದಾರ ಕಟ್ಟಿ, ಚೀಟಿ ಅಂಟಿಸಿ, ಗ್ಯಾಸ್ ವಿಭಾಗದಲ್ಲಿ ನಂಬರ್ ಕೊಟ್ಟರು: ಗ್ಯಾಸ್ ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ತಮೂರು. ಎಫ್ ಎರಡು, ಎಫ್ ಒಂಬತ್ತು. ಲೋಕವೆಲ್ಲ ಸೇರಿ ಮಾಡಿದ ಆಪರೇಟಿಂಗ್ ಸಿಸ್ಟಮ್‌ಗಳು ನಮ್ಮ ಗೋದಾಮಿನ ಎಂಟನೆಯ ಕಪಾಟಿನಲ್ಲಿ, ನಿಜವಾದ ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲಿ ಸಾಲಾಗಿ ನಿಂತವು. ಬೆಂಕಿಯಿಂದ ದೂರವಿಡಿ ಎಂಬ ಸ್ಟಿಕ್ಕರನ್ನೂ ಅವರು ಮರೆಯಲಿಲ್ಲ.

ಟ್ರಯಲಿಗೆ ಒಂದು ಹಳೆಯ ಕಂಪ್ಯೂಟರನ್ನು ಕಾಕನ ಮೇಜಿನ ಕೆಳಗಿಟ್ಟು, ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಗ್ಯಾಸ್ ತೊಂಬತ್ತೊಂದನ್ನು ಎಫ್ ಮೂರು ಒತ್ತಿ, ಸಹಿ ಹಾಕಿಸಿಕೊಂಡು ಕೊಟ್ಟರು. ಅದು ಭಾರೀ ಗಾಂಭೀರ್ಯದ ಸಿಸ್ಟಮ್, ಬ್ಯಾಂಕುಗಳಿಗೆಲ್ಲ ಹೇಳಿ ಮಾಡಿಸಿದ್ದು. ಅರ್ಧ ಗಂಟೆಯಲ್ಲಿ ಅಚ್ಚುಕಟ್ಟಾಗಿ ಕೂತುಕೊಂಡಿತು. ಆದರೆ ಪುತ್ತೂರಿನ ಹುಡುಗನ ಪ್ರೋಗ್ರಾಂ ಬರೆದದ್ದು ಹಳೆಯ ಕಾಲದ ಮೂವತ್ತೆರಡು ಬಿಟ್ಟಿನ ಕಂಪ್ಯೂಟರಿಗೆ. ಅಂಥದ್ದನ್ನು ನಾವು ಈಗ ಓಡಿಸುವುದಿಲ್ಲ ಎಂದು ತೊಂಬತ್ತೊಂದು ಮುಖಕ್ಕೆ ಹೊಡೆದಂತೆ ಹೇಳಿತು. ಕಾಕ ತಲೆ ಆಡಿಸಿ ಚಹಾ ತರಿಸಿದರು. ತೊಂಬತ್ತೆರಡು ಸ್ವಲ್ಪ ಸ್ನೇಹಪರ. ಕಪ್ಪು ಪರದೆ ಬಂತು, ಹಸಿರು ಅಕ್ಷರ ಬಂತು, ಕಾಕನ ಮುಖ ಅರಳಿತು. ಎಫ್ ಒಂಬತ್ತು ಒತ್ತಿದರೆ ಲೆಕ್ಕ ಗಟ್ಟಿಯಾಗುವ ಬದಲು ಪರದೆಯ ಮೇಲೆ ಒಂದು ವಕ್ರ ಗೆರೆ ಮೂಡಿತು. ಮತ್ತೆ ಒತ್ತಿದರು, ಇನ್ನೊಂದು ಗೆರೆ. ಅದನ್ನು ಸರಿಮಾಡುವ ದಾರಿ ಇದ್ದೇ ಇರಬೇಕು. ಎರಡು ದಿನ ಹುಡುಕಿದೆ, ಬಿ.ಕಾಂ. ಓದಿದವಳಿಗೆ ಸಿಗಲಿಲ್ಲ.

ತೊಂಬತ್ತಮೂರು ಯಾವ ಆಡಂಬರವೂ ಇಲ್ಲದ್ದು. ಹೊಸ ಫ್ಯಾಶನ್ನಿಗೆ ಹಾರದ, ಹಳೆಯ ನೆಂಟರನ್ನು ಮನೆಯಿಂದ ಓಡಿಸದ ಬಗೆ. ಮೂವತ್ತೆರಡು ಬಿಟ್ಟಿನ ಪ್ರೋಗ್ರಾಮಿಗೆ ಬೇಕಾದ ಸಾಮಾನುಗಳನ್ನು ಕೇಳಿದರೆ ಕೊಟ್ಟಿತು. ಪರದೆ ಬಂತು. ಕಾಕ ಒಂದು ಫ್ಯಾನ್ ಮೋಟರನ್ನು ಒಳಗೆ ತೆಗೆದುಕೊಂಡರು, ಹೊರಗೆ ಕಳಿಸಿದರು, ಬೋಳು ಗುಂಡಿ ಒತ್ತಿದರು. ಲೆಕ್ಕ ಗಟ್ಟಿಯಾಯಿತು. ನಾನು ಚಪ್ಪಾಳೆ ತಟ್ಟಿದೆ. ಕಾಕ ನಗಲಿಲ್ಲ, ಕೈ ಚಾಚಿದರು.

“ಸಿಲಿಂಡರ್ ವಾಪಸ್ ಕೊಡಿ ಬಾಯಮ್ಮ. ಖಾಲಿ ಆಯ್ತಲ್ಲ?”

ಗ್ಯಾಸ್ ವಿಭಾಗದ ನಿಯಮವೇ ಅದು. ಖಾಲಿ ಸಿಲಿಂಡರ್ ವಾಪಸ್ ಬರದೆ ಲೆಕ್ಕ ಮುಗಿಯುವುದಿಲ್ಲ. ಖಾಲಿ ಆಗಿಲ್ಲ ಕಾಕ, ಇನ್ನೂ ತುಂಬಿಯೇ ಇದೆ ಎಂದೆ. ಹಾಗಾದರೆ ನೀವು ಅದನ್ನು ಮೆಷಿನ್ನಿಗೆ ಹಾಕಿಲ್ಲ ಎಂದರು. ಹಾಕಿದ್ದೇನೆ, ನೀವೇ ಈಗ ಅದರಲ್ಲಿ ಮೋಟರ್ ಕಳಿಸಿದಿರಿ ಎಂದೆ. ಮೆಷಿನ್ನಿಗೆ ಹೋದದ್ದು ಪ್ರತಿ, ಮೂಲ ಇದರಲ್ಲೇ ಇದೆ, ಇನ್ನೂ ಸಾವಿರ ಮೆಷಿನ್ನಿಗೆ ಹಾಕಿದರೂ ಇದು ಹೀಗೇ ಇರುತ್ತದೆ ಎಂದು ವಿವರಿಸಿದೆ. ಕಾಕ ಪೆನ್‌ಡ್ರೈವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ನಲವತ್ತು ವರ್ಷ ಮಾಲು ಎಣಿಸಿದ ಮನುಷ್ಯ. ಕೊಟ್ಟರೂ ಕಡಿಮೆಯಾಗದ ಮಾಲನ್ನು ಅವರು ಕಂಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದು ಪುಸ್ತಕ ಎಳೆದುಕೊಂಡರು. ನಾನೂ ಅದಕ್ಕೆ ತಲೆಯಾಡಿಸಿ ಬಂದೆ. ಅದು ನನ್ನ ಎರಡನೆಯ ಮೂರ್ಖತನ.

ತಿಂಗಳ ಕೊನೆಯ ಸ್ಟಾಕ್ ವರದಿ ಹಾಜಿಯವರ ಮೇಜಿಗೆ ಹೋಯಿತು. ಅದರ ಗ್ಯಾಸ್ ವಿಭಾಗದಲ್ಲಿ ಮೂರು ಹೊಸ ಸಿಲಿಂಡರಿಗೆ ಮೂರು ಸಾಲು, ಮೂರರಲ್ಲೂ ಒಂದೇ ಲೆಕ್ಕ: ಬಂದದ್ದು ಒಂದು, ಕೊಟ್ಟದ್ದು ಒಂದು, ಉಳಿದದ್ದು ಒಂದು. ಅಕೌಂಟೆಂಟರ ಪೆನ್ಸಿಲ್ ಮೂರಕ್ಕೂ ಸುತ್ತು ಹಾಕಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಸ್ಕ್ರೂ ಹೆಚ್ಚು ಕಡಿಮೆ ಆಗದ ಕಾಕನ ಲೆಕ್ಕದಲ್ಲಿ, ಒಂದರಿಂದ ಒಂದು ಹೋದರೆ ಒಂದು ಉಳಿದಿತ್ತು. ಹಾಜಿಯವರಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ನನ್ನನ್ನು ಕರೆದು, ನೋಡಿದಿಯಾ, ಮನುಷ್ಯನಿಗೆ ವಯಸ್ಸಾಯಿತು, ಕಳೆಯುವ ಲೆಕ್ಕವೂ ಮರೆಯಿತು ಎಂದರು. ಟಿಕೆಟ್ ಮಾಡುವ ಏಜೆಂಟಿಗೆ ಆಗಲೇ ಫೋನ್ ಹೋಗಿತ್ತು. ಕಾಕನ ಕೆಲಸ ಉಳಿಸಲು ಹೊರಟ ನಾನು, ಅವರ ಪ್ರಾಮಾಣಿಕತೆಯನ್ನೇ ಅವರ ಕುತ್ತಿಗೆಗೆ ಕಟ್ಟಿಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಅಳು ಬಂತು. ಪ್ಯಾಂಟ್ರಿಗೆ ಹೋಗಿ ಸರ್ವರಿನ ಮುಂದೆ ನಿಂತು ಮೂಗು ಒರೆಸಿಕೊಂಡೆ, ಮತ್ತೆ ಕಾಕನಿಗೆ ಫೋನ್ ಮಾಡಿ ಯಲ್ಲಾ, ಬೇಗ ಹೊರಡಿ, ಮೂರೂ ಸಿಲಿಂಡರ್ ಹಿಡಿದುಕೊಂಡು ಆಫೀಸಿಗೆ ಬನ್ನಿ ಎಂದೆ.

ಮಧ್ಯಾಹ್ನದ ನಮಾಜಿನ ಮೇಲೆ ಹಾಜಿಯವರ ಕೋಣೆಯಲ್ಲಿ ಅಕೌಂಟೆಂಟರೂ ಸೇರಿ ನಾಲ್ವರು ಕೂತೆವು. ಕಾಕ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು. ಊರಿನವರಿಬ್ಬರೇ ಇದ್ದರೆ ಬ್ಯಾರಿ ಭಾಷೆಯಲ್ಲಿ ಮಾತು ನಡೆಯುತ್ತಿತ್ತು, ನಾವಿದ್ದದ್ದರಿಂದ ಕನ್ನಡ. ನಾನು ಹಾಜಿಯವರ ಸ್ವಂತ ಪೆನ್‌ಡ್ರೈವ್ ಕೇಳಿ ತೆಗೆದುಕೊಂಡೆ, ಅದರಲ್ಲಿ ಅವರ ಮೊಮ್ಮಗಳ ಹುಟ್ಟುಹಬ್ಬದ ಫೋಟೋಗಳಿದ್ದವು. ಅವರ ಕಣ್ಣೆದುರಿಗೇ ಗ್ಯಾಸ್ ತೊಂಬತ್ತಮೂರನ್ನು ಅದಕ್ಕೆ ಇಳಿಸಿದೆ. ಆರು ನಿಮಿಷ ಹಸಿರು ಗೆರೆ ನಿಧಾನ ಉದ್ದವಾಗುವುದನ್ನು ನಾಲ್ಕು ಜನ ವಯಸ್ಕರು ಉಸಿರು ಹಿಡಿದು ನೋಡಿದೆವು. ಮತ್ತೆ ಎರಡನ್ನೂ ತೆರೆದು ತೋರಿಸಿದೆ. ಕಾಕನದ್ದು ಕಾಕನಲ್ಲಿ ಹಾಗೇ ಇತ್ತು, ಹಾಜಿಯವರಲ್ಲೂ ಒಂದು ಇತ್ತು, ಮೊಮ್ಮಗಳ ಕೇಕೂ ಅದರ ಪಕ್ಕದಲ್ಲಿ ಸುರಕ್ಷಿತವಾಗಿತ್ತು.

ಹಾಜಿಯವರು ಎರಡು ಪೆನ್‌ಡ್ರೈವುಗಳನ್ನೂ ಎರಡು ಕೈಯಲ್ಲಿ ಹಿಡಿದರು. ಕಾಕ ತೂಗಿದ ಹಾಗೆಯೇ ತೂಗಿದರು. ಆಮೇಲೆ ಅವರ ಮುಖದಲ್ಲಿ ನಾನು ಕಂಡದ್ದು ಸಂತೋಷವಲ್ಲ, ಹೆದರಿಕೆ. ಮಾರಿದರೂ ಮುಗಿಯುವುದಿಲ್ಲ, ಕೊಂಡವನು ನಾಳೆ ತಾನೇ ಹತ್ತು ಜನಕ್ಕೆ ಕೊಡುತ್ತಾನೆ, ಹಾಗಾದರೆ ಇದರಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂದು ಅಕೌಂಟೆಂಟರನ್ನು ಕೇಳಿದರು. ಅಕೌಂಟೆಂಟರು ವರದಿ ತೆಗೆದುಕೊಂಡು, ತಾವು ಹಾಕಿದ ಮೂರು ಸುತ್ತುಗಳನ್ನೂ ರಬ್ಬರಿನಿಂದ ಒರೆಸಿದರು. ಒಂದರಿಂದ ಒಂದು ಹೋದರೆ ಒಂದು ಉಳಿಯುತ್ತದೆ ಎಂದು ಒಪ್ಪಿದ ಮೊದಲ ಅಕೌಂಟೆಂಟ್ ಅವರೇ ಇರಬೇಕು.

ಕಾಕನ ತಲೆ ನೆಟ್ಟಗಿದೆ ಎಂಬುದು ಹೀಗೆ ಇತ್ಯರ್ಥವಾಯಿತು. ಇನ್ನು ಆಯ್ಕೆ. ಮೂರರಲ್ಲಿ ತೊಂಬತ್ತಮೂರು ಮಾತ್ರ ಕಾಕನ ಪ್ರೋಗ್ರಾಮನ್ನು ಓಡಿಸುತ್ತದೆ, ನನಗೆ ಅದೇ ಬೇಕು ಎಂದೆ. ಹಾಜಿಯವರು ಗಿರಾಕಿಯ ಫಾರ್ಮ್ ಎಳೆದುಕೊಂಡು, ರಿಪೇರಿ ಎಷ್ಟು ವರ್ಷ ಕಳಿಸುತ್ತಾರೆ ಎಂಬ ಕಾಲಂ ತೋರಿಸಿದರು. ಈ ಸಲ ನಾನು ಮೊದಲು ಗುಟುಕು ನೀರು ಕುಡಿದೆ. ಆದರೂ ಸುಳ್ಳು ಹೇಳಲು ಆಗಲಿಲ್ಲ. ಮೊದಲಿನೆರಡಕ್ಕೆ ಹತ್ತು ವರ್ಷ, ತೊಂಬತ್ತಮೂರಕ್ಕೆ ಐದು.

ಮೂರಕ್ಕೂ ಬೆಲೆ ಸೊನ್ನೆ, ಅದರಲ್ಲಿ ಹತ್ತು ವರ್ಷದ್ದನ್ನು ಬಿಟ್ಟು ಐದು ವರ್ಷದ್ದನ್ನು ತೆಗೆದುಕೊಳ್ಳುವ ವ್ಯಾಪಾರಿ ಎಲ್ಲಾದರೂ ಇದ್ದಾನೆಯೇ? ಹಾಜಿಯವರು ಇದನ್ನು ನನಗೆ ಬೈಯುತ್ತಾ ಹೇಳಲಿಲ್ಲ, ಬಿಡಿಸಿ ಬಿಡಿಸಿ, ಮೆಲ್ಲಗೆ ಕೇಳಿದರು. ಐದು ವರ್ಷ ಕಳೆದರೆ ಮತ್ತೆ ಇದೇ ರಗಳೆ, ಮತ್ತೆ ಮೂರು ಕೊಟೇಶನ್, ಮತ್ತೆ ಟ್ರಯಲ್. ಆಗ ನೀನು ಇರುತ್ತೀಯೋ, ನಾನು ಇರುತ್ತೇನೋ. ನನ್ನ ಹತ್ತಿರ ಹೇಳಲು ಮೂವತ್ತೆರಡು ಬಿಟ್ಟಿನ ಕಥೆ ಬಿಟ್ಟು ಬೇರೇನೂ ಇರಲಿಲ್ಲ, ಅದನ್ನು ಕೇಳುವ ತಾಳ್ಮೆ ಅವರಲ್ಲಿ ಮುಗಿದಿತ್ತು. ಟೈ ಕಟ್ಟಿದವನ ಪ್ಯಾಕೇಜಿನ ಫೈಲು ಮೇಜಿನ ಆ ಬದಿಯಲ್ಲಿ ಇದ್ದೇ ಇತ್ತು. ಹಾಜಿಯವರ ಕೈ ಅದರ ಕಡೆ ಹೋಯಿತು.

ಕಾಕ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದರು.

“ಹಾಜಿಯವರೇ, ನಂಗೆ ಐದು ಸಾಕು.”

ಹಾಜಿಯವರು ತಲೆ ಎತ್ತಿ ಅವರನ್ನು ನೋಡಿದರು. ಆಮೇಲೆ ಫಾರ್ಮ್ ತಿರುಗಿಸಿಕೊಂಡು, ಕನ್ನಡಕ ಹುಡುಕಿ ಹಾಕಿ, ಖಾಲಿ ಇದ್ದ ಕಾಲಂನಲ್ಲಿ ತಮ್ಮ ಕೈಯಿಂದಲೇ ಐದು ಎಂದು ಬರೆದರು.